ಹಗುರ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳುವ ಸುಖ, ಅದರ ಜೊತೆ ಬರುವ ಕಷ್ಟ

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಹಾರ್ಸ್‌ಪವರ್ ಅಂತ. ತೂಕ ಎಷ್ಟು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. 1996ರಲ್ಲಿ ಬಂದ ಮೊದಲ ತಲೆಮಾರಿನ ಲೋಟಸ್ ಎಲೀಸ್ ನೋಡಿ. 1.8 ಲೀಟರ್ ಎಂಜಿನ್, 118 ಹಾರ್ಸ್‌ಪವರ್, ತೂಕ ಮಾತ್ರ ಸುಮಾರು 725 ಕಿಲೋ. ಅಷ್ಟು ಶಕ್ತಿ ಇವತ್ತು ಸಾಧಾರಣ ಫ್ಯಾಮಿಲಿ ಕಾರಿನಲ್ಲೂ ಇರುತ್ತದೆ, ಆದರೆ ಅದು ಹೊರಬೇಕಾದ ಭಾರ ಹೆಚ್ಚುಕಡಿಮೆ ಎರಡರಷ್ಟು. ವ್ಯತ್ಯಾಸ ಇರುವುದೇ ಅಲ್ಲಿ.

ಹಗುರ ಕಾರಿನ ದೊಡ್ಡ ಸುಖ ಏನೆಂದರೆ ಅದು ಸಾಧಾರಣ ವೇಗದಲ್ಲೇ ಸಿಗುತ್ತದೆ. ದೊಡ್ಡ ಎಂಜಿನ್ನಿನ ಭಾರದ ಕಾರಿನಲ್ಲಿ ಮಜಾ ಶುರುವಾಗುವ ಹೊತ್ತಿಗೆ ನೀವು ರಸ್ತೆಯ ವೇಗಮಿತಿ ದಾಟಿ ಎಲ್ಲೋ ಹೋಗಿರುತ್ತೀರಿ. ಇದರಲ್ಲಿ ಹಾಗಲ್ಲ. 60 ಕಿಲೋಮೀಟರ್ ವೇಗದಲ್ಲಿ ಒಂದು ಒಳ್ಳೆಯ ತಿರುವು ಸಿಕ್ಕರೆ ಸಾಕು, ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೆ ಮೂತಿ ತಿರುಗುತ್ತದೆ, ಹಿಂದಿನ ಟೈರು ಏನು ಮಾಡುತ್ತಿದೆ ಅನ್ನುವುದು ಸೀಟಿನಲ್ಲೇ ಗೊತ್ತಾಗುತ್ತದೆ, ಬ್ರೇಕ್ ಮೇಲೆ ಕಾಲಿಟ್ಟರೆ ಕಾರು ತಡಮಾಡದೆ ನಿಲ್ಲುತ್ತದೆ. ಎಲೀಸ್‌ನಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಬೇಕಾಗಿಯೂ ಇಲ್ಲ. ರಸ್ತೆಯ ಪ್ರತಿ ಒರಟೂ ಕೈಗೆ ತಿಳಿಯುತ್ತದೆ.

ತೂಕ ಇಳಿದರೆ ಇನ್ನೂ ಒಂದು ಲಾಭ ಇದೆ. ಸಣ್ಣ ಎಂಜಿನ್ ಸಾಕು, ಸಣ್ಣ ಬ್ರೇಕ್ ಸಾಕು, ಅಗಲ ಕಡಿಮೆಯ ಟೈರು ಸಾಕು, ಇವೆಲ್ಲ ಸೇರಿ ತೂಕ ಇನ್ನಷ್ಟು ಇಳಿಯುತ್ತದೆ. ಈಗಿನ ಮಾಜ್ದಾ ಎಂಎಕ್ಸ್-5 ಅನ್ನುವ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ 1.5 ಲೀಟರ್ ಮಾದರಿಗೆ 16 ಇಂಚಿನ, 195 ಮಿಲಿಮೀಟರ್ ಅಗಲದ ಟೈರು. ಇದು ಮಾಮೂಲಿ ಕಾರುಗಳ ಅಳತೆ, ಹಾಗಾಗಿ ಟೈರು ಬದಲಿಸುವಾಗ ಹೊಟ್ಟೆ ಉರಿಯುವುದಿಲ್ಲ. ಬ್ರೇಕ್ ಪ್ಯಾಡ್‌ಗಳೂ ಬೇಗ ಸವೆಯುವುದಿಲ್ಲ. ಪೆಟ್ರೋಲ್ ಖರ್ಚು ಕೂಡ ಸ್ಪೋರ್ಟ್ಸ್ ಕಾರು ಅನ್ನುವ ಹೆಸರಿಗೆ ಹೋಲಿಸಿದರೆ ಕಡಿಮೆಯೇ.

ಇನ್ನು ಕಷ್ಟದ ಕಡೆ. ತೂಕ ಸುಮ್ನೆ ಮಾಯವಾಗುವುದಿಲ್ಲ ಅಲ್ವಾ? ಏನನ್ನೋ ತೆಗೆದಿರುತ್ತಾರೆ, ತೆಗೆದದ್ದು ಏನು ಅಂತ ದಿನವೂ ಗೊತ್ತಾಗುತ್ತಾ ಹೋಗುತ್ತದೆ. ಶಬ್ದ ತಡೆಯುವ ಪದರ ಕಡಿಮೆ, ಆದ್ದರಿಂದ ಹೆದ್ದಾರಿಯಲ್ಲಿ ಟೈರು, ಗಾಳಿ, ಎಂಜಿನ್ ಮೂರೂ ಸೇರಿ ಕಿವಿ ತಿನ್ನುತ್ತವೆ. ಒಂದು ಗಂಟೆಯಾದ ಮೇಲೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡುವ ಆಸೆ ಹೋಗುತ್ತದೆ. ಎಂಎಕ್ಸ್-5ರ ಡಿಕ್ಕಿ ಸುಮಾರು 130 ಲೀಟರ್, ಎರಡು ಸಣ್ಣ ಬ್ಯಾಗ್ ಇಟ್ಟರೆ ಮುಗಿಯಿತು. ಎಲೀಸ್ ಒಳಗೆ ಕೂರಬೇಕಾದರೆ ಬಾಗಿಲ ಕೆಳಗಿನ ಅಗಲವಾದ ಅಲ್ಯೂಮಿನಿಯಂ ಕಟ್ಟೆ ದಾಟಬೇಕು. ಮೇಲೆ ರೂಫ್ ಹಾಕಿದ್ದರೆ ಅದೊಂದು ಕಸರತ್ತೇ. ಮಂಡಿ ನೋವು, ಬೆನ್ನು ನೋವು ಇರುವವರು ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಜೊತೆಗೆ ಒಬ್ಬರು ಕೂತರೆ ಕಾರೇ ಬೇರೆ ಆಗುತ್ತದೆ. 80 ಕಿಲೋದ ಇಬ್ಬರು ಅಂದರೆ 160 ಕಿಲೋ, ಮೊದಲ ಎಲೀಸ್‌ನ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ. ಬ್ರೇಕು, ತಿರುವು, ಓಟ ಎಲ್ಲದರಲ್ಲೂ ಅದು ಗೊತ್ತಾಗುತ್ತದೆ.

ರಿಪೇರಿ ವಿಷಯ ಇದಕ್ಕಿಂತ ಗಂಭೀರ. ಎಲೀಸ್‌ನ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಜೋಡಿಸಿ ಮಾಡಿದ್ದು, ತೂಕ 68 ಕಿಲೋ ಮಾತ್ರ. ಎಂಜಿನಿಯರಿಂಗ್ ಅದ್ಭುತ, ನನಗೆ ಅದರ ಮೇಲೆ ನಿಜವಾದ ಗೌರವ ಇದೆ. ಆದರೆ ಅಪಘಾತದಲ್ಲಿ ಅದು ಬಾಗಿದರೆ ಉಕ್ಕಿನ ಚಾಸಿಯ ಹಾಗೆ ಎಳೆದು ನೇರ ಮಾಡಲು ಆಗುವುದಿಲ್ಲ. ಮೈ ಫೈಬರ್ ಗ್ಲಾಸ್. ಮುಂಭಾಗ, ಹಿಂಭಾಗ ಎರಡೂ ದೊಡ್ಡ ದೊಡ್ಡ ಭಾಗಗಳು. ಪಾರ್ಕಿಂಗ್‌ನಲ್ಲಿ ಯಾರೋ ಮೂಲೆಗೆ ತಾಗಿಸಿದರೂ ಬಿಲ್ ದೊಡ್ಡದೇ ಬರುತ್ತದೆ. ಮೊದಲ ಎಲೀಸ್‌ನಲ್ಲಿದ್ದ ರೋವರ್ ಕೆ-ಸೀರೀಸ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ, ಕೆಳಗಿನ ಭಾಗಗಳ ನಡುವಿನ ಸೀಲು) ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಉದ್ದನೆಯ ಪೈಪು. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್ ಮೇಲೆ ಕಣ್ಣಿಡಲೇಬೇಕು, ಎಂಜಿನ್ ಪೂರ್ತಿ ಬಿಸಿಯಾಗುವ ತನಕ ಜೋರಾಗಿ ಓಡಿಸಬಾರದು.

ಸುರಕ್ಷತೆ ಬಗ್ಗೆ ನೇರವಾಗಿ ಹೇಳುತ್ತೇನೆ. ಮೊದಲ ಎಲೀಸ್‌ಗೆ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಎರಡರಷ್ಟು ಭಾರದ ಕಾರು ಎದುರಿಂದ ಬಂದು ಗುದ್ದಿದರೆ, ವೇಗದಲ್ಲಿ ಆಗುವ ಬದಲಾವಣೆ ಹಗುರ ಕಾರಿಗೆ ಎರಡರಷ್ಟು ಇರುತ್ತದೆ. ಜೊತೆಗೆ ಇಷ್ಟು ತಗ್ಗಿನ ಕಾರು ಲಾರಿ ಓಡಿಸುವವರ ಕನ್ನಡಿಗೆ ಬೀಳುವುದೇ ಕಷ್ಟ. ಓಡಿಸುವಾಗ ಯಾರಿಗೂ ನಾನು ಕಾಣುತ್ತಿಲ್ಲ ಅಂತಲೇ ಅಂದುಕೊಳ್ಳಬೇಕು.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಓಟು ಹಗುರ ಕಾರಿಗೇ, ಆದರೆ ಮನೆಯಲ್ಲಿ ಇನ್ನೊಂದು ಕಾರು ಇದ್ದರೆ ಮಾತ್ರ. ಒಂದೇ ಕಾರು ಇಡುವುದಾದರೆ ಎಂಎಕ್ಸ್-5 ತೆಗೆದುಕೊಳ್ಳಿ. ಏಸಿ, ಏರ್‌ಬ್ಯಾಗ್ ಇದ್ದೂ ಸುಮಾರು ಒಂದು ಟನ್ನಿನಲ್ಲಿ ನಿಲ್ಲುವ ಕಾರು ಇವತ್ತು ಅಪರೂಪ. ಬೇರೆ ಕಾರು ಇದ್ದು, ಭಾನುವಾರದ ಬೆಳಿಗ್ಗೆಗೆ ಮಾತ್ರ ಬೇಕು ಅಂದರೆ ಎಲೀಸ್. ಅದರ ತಯಾರಿಕೆ 2021ಕ್ಕೆ ನಿಂತಿದೆ, ಆದ್ದರಿಂದ ಹಳೆಯದನ್ನೇ ಹುಡುಕಬೇಕು. ಹುಡುಕುವಾಗ ಬಣ್ಣ ನೋಡುವ ಮೊದಲು ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ, ಈ ಚಾಸಿ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲಿ ಕೆಳಗಿನಿಂದ ನೋಡಿಸಿ.