ನೋಟ್‌ಬುಕ್ಕಿನಲ್ಲಿ 72, ಅಮ್ಮನ ನಾಡಿ 38

ಮನೆಗೆ ನರ್ಸ್ ಕಳಿಸುವ ಏಜೆನ್ಸಿಗಳನ್ನು ನಂಬಿ ವಯಸ್ಸಾದವರನ್ನು ಬಿಟ್ಟು ಕೆಲಸಕ್ಕೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಮನೆ ಬೆಂಗಳೂರಿನ ತ್ಯಾಗರಾಜನಗರದಲ್ಲಿ. ಅಮ್ಮನಿಗೆ 78. ನಾಲ್ಕು ವರ್ಷದಿಂದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಅದಕ್ಕೂ ಮೊದಲೇ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೆವು, ಹೃದಯದ ಪಂಪಿಂಗ್ ಕಡಿಮೆ ಇದೆ. ಹಾಗಾಗಿ ದಿನವೂ ಮೆಟೊಪ್ರೊಲಾಲ್, ನೀರಿಳಿಯುವ ಮಾತ್ರೆ ನಡೆಯುತ್ತಲೇ ಇರುತ್ತವೆ. ಈ ವರ್ಷ ಮರೆವಿನ ಡಾಕ್ಟರು ಡೊನೆಪೆಜಿಲ್ ಮಾತ್ರೆಯನ್ನು 5 ಮಿ.ಗ್ರಾಂನಿಂದ 10ಕ್ಕೆ ಏರಿಸಿದರು. ಏರಿಸುವಾಗ ಸ್ಪಷ್ಟವಾಗಿ ಹೇಳಿದ್ದರು: ‘ಮೆಟೊಪ್ರೊಲಾಲ್ ನಾಡಿಯನ್ನು ಇಳಿಸುತ್ತೆ, ಇದೂ ಇಳಿಸುತ್ತೆ. ದಿನಕ್ಕೆರಡು ಸಲ ನೋಡಿ ಬರೆದಿಡಿ. 50ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ, ಕರಕೊಂಡು ಬನ್ನಿ.’

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಅಣ್ಣ ಇರುವುದು ಪುಣೆಯಲ್ಲಿ. ಈ ನಾಡಿ ನೋಡುವ ಒಂದೇ ಕಾರಣಕ್ಕೆ ಅಟೆಂಡರ್ ಬೇಡ, ಟ್ರೇನ್ಡ್ ನರ್ಸೇ ಬೇಕು ಎಂದು ಏಜೆನ್ಸಿಯವರಿಗೆ ಹೇಳಿದೆ. ‘ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿರೋ ಹುಡುಗಿ ಮೇಡಂ, ಐಸಿಯು ಅನುಭವ ಇದೆ’ ಎಂದರು. ತಿಂಗಳಿಗೆ 36,000 ರೂಪಾಯಿ, ಪೂರ್ತಿ ಮುಂಗಡ. ಸರ್ಟಿಫಿಕೇಟ್ ಕೇಳಿದಾಗ ‘ವಾಟ್ಸಾಪ್ ಮಾಡ್ತೀವಿ’ ಎಂದವರು ಮಾಡಲಿಲ್ಲ. ಆಡಿಟ್ ಗಡಿಬಿಡಿಯಲ್ಲಿ ನಾನು ಮತ್ತೆ ಕೇಳಲಿಲ್ಲ. ಆ ತಪ್ಪು ನನ್ನದೇ.

ಹುಡುಗಿ ಬಂದಳು, ರಾಯಚೂರಿನ ಕಡೆಯವಳು. ಮೆತ್ತಗಿನ ಸ್ವಭಾವ. ‘ಅಜ್ಜಿ, ಅಜ್ಜಿ’ ಎಂದು ಅಮ್ಮನಿಗೆ ಗಂಜಿ ಕುಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಸಂಜೆ ಬಂದು ನೋಟ್‌ಬುಕ್ ತೆರೆದರೆ ಎರಡು ಹೊತ್ತಿನ ನಾಡಿಯೂ ದುಂಡಗಿನ ಅಕ್ಷರದಲ್ಲಿ ಬರೆದಿರುತ್ತಿತ್ತು. 72, 74, 72, 70.

ಎರಡನೇ ವಾರದಲ್ಲಿ ಅಮ್ಮ ಶಾಂತವಾದರು. ಮೊದಲು ಸಂಜೆ ಐದಾದರೆ ಸಾಕು, ಸೆರಗು ಬಿಗಿದುಕೊಂಡು ಗೇಟಿನ ಹತ್ತಿರ ಹೋಗಿ ‘ಮನೆಗೆ ಹೋಗ್ಬೇಕು, ಅಪ್ಪಯ್ಯ ಕಾಯ್ತಿರ್ತಾರೆ’ ಎಂದು ಚಿಲಕ ಅಲ್ಲಾಡಿಸುತ್ತಿದ್ದರು. ಅದು ನಿಂತುಹೋಯಿತು. ಕುಳಿತ ಕಡೆಯೇ ತೂಕಡಿಸುವುದು, ತುತ್ತು ಬಾಯಲ್ಲೇ ಇಟ್ಟುಕೊಂಡಿರುವುದು. ಮಾತ್ರೆ ಹಿಡಿಯುತ್ತಿದೆ ಎಂದುಕೊಂಡು ನಾನು ಅಣ್ಣನಿಗೆ ಫೋನ್ ಮಾಡಿ ಸಂತೋಷಪಟ್ಟೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡನೇ ಶನಿವಾರ, ನನಗೆ ರಜೆ. ಬೆಳಿಗ್ಗೆ ಮುಖ ತೊಳೆಸಲು ಕರೆದುಕೊಂಡು ಹೋದೆ. ವಾಷ್‌ಬೇಸಿನ್ ಹಿಡಿದು ನಿಂತಿದ್ದವರು ಹಾಗೆಯೇ ನನ್ನ ತೋಳಿನ ಮೇಲೆ ಕುಸಿದರು. ಕೈ ಮಂಜಿನಂತೆ ತಣ್ಣಗಿತ್ತು. ಮಲಗಿಸಿ ಬಿಪಿ ಮಷಿನ್ ಕಟ್ಟಿದೆ, ನಾಡಿ 38. ಮಷಿನ್ ಕೆಟ್ಟಿದೆ ಎಂದು ಇನ್ನೊಮ್ಮೆ ಕಟ್ಟಿದೆ, 39. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ತೋರಿಸಲು ನೋಟ್‌ಬುಕ್ ಎತ್ತಿಕೊಂಡೆ. ಅಂದಿನ ಬೆಳಗಿನ ಸಾಲಿನಲ್ಲಿ ಆಗಲೇ 72 ಎಂದು ಬರೆದಾಗಿತ್ತು.

ಇಸಿಜಿ ನೋಡಿದ ಡಾಕ್ಟರು ಡೊನೆಪೆಜಿಲ್ ನಿಲ್ಲಿಸಿದರು, ಮೆಟೊಪ್ರೊಲಾಲ್ ತಗ್ಗಿಸಿದರು. (ಮೆಟೊಪ್ರೊಲಾಲನ್ನು ಯಾರೂ ಮನೆಯಲ್ಲಿ ತಾವಾಗಿಯೇ ದಿಢೀರನೆ ನಿಲ್ಲಿಸಬಾರದು, ಎದೆನೋವು ಕೆರಳಬಹುದು.) ಡೊನೆಪೆಜಿಲ್ ಮೈಯಿಂದ ಪೂರ್ತಿ ಹೋಗಲು ಎರಡು ವಾರ ಬೇಕಂತೆ. ಮೂರು ದಿನ ಮಾನಿಟರ್ ಹಾಕಿ ಇಟ್ಟುಕೊಂಡರು. ನಾಡಿ ನಿಧಾನಕ್ಕೆ 50 ದಾಟಿತು, ಪೇಸ್‌ಮೇಕರ್ ಬೇಕಾಗಲಿಲ್ಲ.

ಮನೆಗೆ ಬಂದ ರಾತ್ರಿ ಬಿಪಿ ಮಷಿನ್ನಿನ ಮೆಮೊರಿ ಬಟನ್ ಒತ್ತಿದೆ. ಹಳೆಯ ಅಳತೆಗಳು ತಾರೀಖಿನ ಸಮೇತ ಅದರಲ್ಲಿ ಉಳಿದಿರುತ್ತವೆ. ಆ ಶನಿವಾರದ ಎರಡು ಅಳತೆಗೆ ಮೊದಲಿನದು ಹುಡುಗಿ ಬರುವ ಹಿಂದಿನ ದಿನ ನಾನೇ ನೋಡಿದ್ದು. ನಡುವೆ ಒಂದೂ ಇಲ್ಲ.

ಹುಡುಗಿ ಅಳುತ್ತಾ ಹೇಳಿದಳು, ‘ಅಕ್ಕಾರ, ನನಗ ಮಷಿನ್ ಹಚ್ಚಾಕ ಬರ್ತಿದ್ದಿಲ್ರಿ. ಆಫೀಸಿನಾಗ ಕೇಳಿದ್ರ ಎಪ್ಪತ್ತರ ಹತ್ರ ಬರಿ, ಸಾಕು ಅಂದ್ರು.’ ಹತ್ತು ದಿನ ಡೈಪರ್ ಬದಲಿಸುವುದು, ಹಾಸಿಗೆ ಹಾಸುವುದು ಕಲಿಸಿ ಕಳಿಸಿದ್ದರಂತೆ. ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ನರ್ಸ್ ಎಂದು ಮಾರಿದವರ ಮೇಲಿದೆ.

ನೀವು ನರ್ಸ್ ಎಂದು ದುಡ್ಡು ಕೊಡುವುದಾದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಅದನ್ನು ನೋಡುವ ತನಕ ಮುಂಗಡ ಕೊಡಬೇಡಿ. ಮೊದಲ ದಿನವೇ ನಿಮ್ಮೆದುರು ನಾಡಿ ನೋಡಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಬಡಿತ ಏರುಪೇರಾಗುವವರಲ್ಲಿ ಲೆಕ್ಕ ತಪ್ಪುತ್ತದೆ. ವಾರಕ್ಕೊಮ್ಮೆಯಾದರೂ ನೋಟ್‌ಬುಕ್ ಮತ್ತು ಮಷಿನ್ನಿನ ಮೆಮೊರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೃದಯದ ಪಂಪಿಂಗ್ ಕಡಿಮೆ ಇರುವವರ ತೂಕವನ್ನು ಬೆಳಿಗ್ಗೆ ತಿಂಡಿಗೆ ಮೊದಲು ನೀವೇ ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿರಬಹುದು, ಡಾಕ್ಟರಿಗೆ ತಿಳಿಸಿ.

ಎಲ್ಲಕ್ಕಿಂತ ಹೆಚ್ಚಾಗಿ, ಗಲಾಟೆ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ಗುಣವಾಗುತ್ತಿದೆ ಎಂದುಕೊಳ್ಳಬೇಡಿ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬದಲಾಗುವಂಥದ್ದು. ನಾಲ್ಕಾರು ದಿನದಲ್ಲಿ ಮನುಷ್ಯ ಬೇರೆಯಾದರೆ ಬೇರೇನೋ ಆಗಿದೆ ಎಂದೇ ತಿಳಿಯಿರಿ: ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ನಾಡಿ ಬಿದ್ದಿರುವುದು, ಯಾವುದೂ ಆಗಬಹುದು. ತಲೆ ಸುತ್ತುತ್ತಿದೆ, ಸುಸ್ತಾಗುತ್ತಿದೆ ಎಂದು ಹೇಳಲು ಅಮ್ಮನಿಗೆ ಮಾತು ಒದಗುವುದಿಲ್ಲ.

ಏಜೆನ್ಸಿ ದುಡ್ಡು ವಾಪಸ್ ಕೊಟ್ಟಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಹಿರಿಯ ನಾಗರಿಕರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ. ಮೊನ್ನೆ ಆ ಹುಡುಗಿಯೇ ಅಮ್ಮ ಹೇಗಿದ್ದಾರೆಂದು ಕೇಳಲು ಫೋನ್ ಮಾಡಿದ್ದಳು. ಈಗ ಅವಳನ್ನು ಬನಶಂಕರಿ ಕಡೆ ಒಂದು ಮನೆಗೆ ಕಳಿಸಿದ್ದಾರಂತೆ, ಅಲ್ಲೂ ನರ್ಸ್ ಎಂದೇ. ಆ ಮನೆಯವರಿಗೆ ಬೇಗ ತಲುಪಲಿ ಎಂದು ಇಷ್ಟು ಬರೆದೆ.