‘ಎಂಜಿನಿಯರ್ಡ್ ವುಡ್’ ಎಂದು ಬರೆದುಕೊಟ್ಟರೆ ಮುಂಗಡ ಕೊಡಬೇಡಿ

ಮುಂಬೈಯ ಮುಲುಂಡಿನಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಮನೆ. ಕಳೆದ ಫೆಬ್ರುವರಿಯಲ್ಲಿ ಹಾಲ್‌ಗೆ ಸ್ವೀಡನ್, ಡೆನ್ಮಾರ್ಕ್ ಕಡೆಯ ‘ಸ್ಕ್ಯಾಂಡಿನೇವಿಯನ್’ ರೂಪ ಕೊಡಿಸಲು ಮೂರು ಲಕ್ಷದ ನಲವತ್ತು ಸಾವಿರ ಸುರಿದೆವು. ಆಗಸ್ಟ್ ಹೊತ್ತಿಗೆ ಟಿವಿ ಕಪಾಟಿನ ಬಾಗಿಲು ಮುಚ್ಚದಾಯಿತು. ಅಡಿಯ ಅಂಚು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಹೊಟ್ಟು ಉದುರುತ್ತಿತ್ತು. ಮನೆ ಮಾಡಿಸಲು ಹೊರಟವರಿಗಾದರೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗುತ್ತಿಗೆದಾರರು ತೋರಿಸಿದ ಚಿತ್ರಗಳಿಗೆ ನಾವಿಬ್ಬರೂ ಮರುಳಾಗಿದ್ದು ನಿಜ. ಬಿಳಿ ಗೋಡೆ, ತಿಳಿಬಣ್ಣದ ಮರ, ಬೂದು ಸೋಫಾ. ಕುಂದಾಪುರದಿಂದ ಬಂದಿದ್ದ ಅಮ್ಮ ಮಾತ್ರ, “ಸುಣ್ಣ ಬಳಿದದ್ದಾಯಿತು, ಬಣ್ಣ ಯಾವಾಗ?” ಎಂದು ಕೇಳಿದರು. ಆ ಬಿಳುಪಿಗೆ ಅಲ್ಲಿ ಕಾರಣವಿದೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಹಗಲೆಂದರೆ ಸುಮಾರು ಆರೇ ಗಂಟೆ. ಸಿಕ್ಕ ಬೆಳಕನ್ನು ಗೋಡೆಯೇ ಕೋಣೆಗೆಲ್ಲ ಹಂಚಬೇಕು. 19 ಡಿಗ್ರಿಯಲ್ಲಿರುವ ನಮಗೆ ಏಪ್ರಿಲ್ ಮಧ್ಯಾಹ್ನ ಪಶ್ಚಿಮದ ಕಿಟಕಿಯ ಪರದೆ ಸರಿಸಿದರೆ ಕಣ್ಣು ಬಿಡಲಾಗುವುದಿಲ್ಲ. ಹೋಗಲಿ, ಮಳೆಗಾಲದಲ್ಲಿ ಆ ಬಿಳಿ ಗೋಡೆಗೆ ಹಿಡಿದ ಬೂಷ್ಟನ್ನು ಒರೆಸಬಹುದು. ಉಬ್ಬಿದ ಹಲಗೆಯನ್ನು ಏನು ಮಾಡುವುದು?

ಚಿತ್ರದಲ್ಲಿದ್ದ ಕುರ್ಚಿ ಡೆನ್ಮಾರ್ಕಿನ ವಿನ್ಯಾಸಕ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ್ದು ಎಂದು ಆಮೇಲೆ ತಿಳಿಯಿತು: ಗಟ್ಟಿ ಮರದ ಚೌಕಟ್ಟು, ಕಾಗದದ ಹುರಿಯಿಂದ ಹೆಣೆದ ಆಸನ. ಈ ಶೈಲಿಗೆ ಹೆಸರು ತಂದದ್ದು ಇಂಥ ಮರಗೆಲಸ. ನಮಗೆ ದಕ್ಕಿದ್ದು ಆ ಮರದ ಬಣ್ಣದ ಹಾಳೆ ಮಾತ್ರ. ಅದರ ಕೆಳಗಿದ್ದದ್ದು ಮರದ ಚೂರುಗಳನ್ನು ಅಂಟು ಸೇರಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್. ಚಿತ್ರದ ಕಪಾಟಿಗೆ ಕಾಲುಗಳಿದ್ದವು, ನಮ್ಮದು ನೆಲಕ್ಕೇ ಕೂತಿತ್ತು. ಅಡಿಯ ಅಂಚಿಗೆ ಪಟ್ಟಿ ಅಂಟಿಸಿರಲಿಲ್ಲ. ಮಳೆಗಾಲದ ಪಸೆಯ ಜೊತೆಗೆ ದಿನವೂ ನೆಲ ಒರೆಸಿದ ನೀರನ್ನು ಅದು ಕುಡಿಯುತ್ತಲೇ ಹೋಯಿತು. ಹಾಗೆ ಒಮ್ಮೆ ಉಬ್ಬಿದ್ದು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ.

ಜಗಳಕ್ಕೆಂದು ಕೊಟೇಶನ್ ತೆಗೆದು ನೋಡಿದೆ. ‘ಎಂಜಿನಿಯರ್ಡ್ ವುಡ್’ ಎಂದಷ್ಟೇ ಇತ್ತು. ಮರದ ತೆಳು ಪದರಗಳನ್ನು ಅಂಟಿಸಿದ ಪ್ಲೈವುಡ್, ಮರದ ನಾರನ್ನು ಒತ್ತಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಮೂರಕ್ಕೂ ಸಲ್ಲುವ ಹೆಸರು ಅದು! ಆ ಮನುಷ್ಯ ಸುಳ್ಳು ಬರೆದಿರಲಿಲ್ಲ. ನಾನು ಪ್ಲೈವುಡ್ ಎಂದು ಓದಿಕೊಂಡಿದ್ದೆ. ಫೋನ್ ಮಾಡಿದರೆ, ಮುಂಬೈಯ ಹವೆಗೆ ಗ್ಯಾರಂಟಿ ಕೊಡಲಾಗುವುದಿಲ್ಲ ಎಂದರು. ಆ ಹವೆ ಫೆಬ್ರುವರಿಯಲ್ಲಿ ಅವರಿಗೆ ಗೊತ್ತಿರಲಿಲ್ಲವೇನೋ. ಶೇಕಡಾ 70ರಷ್ಟು ಹಣ ಮುಂಗಡವಾಗಿಯೇ ಹೋಗಿತ್ತು. ತೆರಿಗೆ ಉಳಿಯುತ್ತದೆಂಬ ಆಸೆಗೆ ಬಿಲ್ ಬೇಡ ಎಂದವನೂ ನಾನೇ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ಸಹಾಯವಾಣಿ 1915 ಕೂಡ ಇದೆ. ಬಿಲ್ಲಿಲ್ಲದವನ ಮಾತಿಗೆ ಅಲ್ಲಿ ಎಷ್ಟು ತೂಕ ಬರುತ್ತದೋ ನೋಡಬೇಕು.

ನೀವು ಮಾಡಿಸುವುದಾದರೆ ಹಲಗೆಯ ಜಾತಿ, ದಪ್ಪ, ದರ್ಜೆಯನ್ನು ಬರೆಸಿಕೊಳ್ಳಿ. ನೀರು ತಾಗುವ ಕಡೆಗೆ ಭಾರತೀಯ ಮಾನಕ ಐಎಸ್ 710ರ ಗುರುತಿರುವ ಮರೈನ್ ಪ್ಲೈ, ಅಂದರೆ ನೀರು ತಡೆಯುವ ಪ್ಲೈವುಡ್ ಕೇಳಿ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಹಾಳೆ ಅಂಟಿಸುವ ಮೊದಲೇ ಹೋಗಿ ಹಲಗೆಯ ಮೇಲಿನ ಮುದ್ರೆ ನೋಡಿ. ಒಂದು ತುಂಡು ತಂದು ರಾತ್ರಿಯಿಡೀ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡಿ. ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಬೆಳಗಾಗುವಾಗ ಊದಿಕೊಂಡಿರುತ್ತದೆ. ಕಪಾಟಿಗೆ ಕಾಲು ಇಡಿಸಿ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಯಲು ಒಪ್ಪಿಸಿದರೆ ನೀವು ನನಗಿಂತ ಜಾಣರು.

ಮೊನ್ನೆ ಕಪಾಟು ಕಿತ್ತು, ಭಂಗಾರದವನನ್ನು ಕರೆಯುತ್ತೇನೆ ಎಂದೆ. ಬಂಗಾರ ಮಾರುವಷ್ಟು ಕಷ್ಟ ಬಂತೇ ಎಂದು ಅಮ್ಮ ಗಾಬರಿಯಾದರು. ಮುಂಬೈಯಲ್ಲಿ ಭಂಗಾರವೆಂದರೆ ಗುಜರಿ ಎಂದು ಬಿಡಿಸಿ ಹೇಳಬೇಕಾಯಿತು. ಬಂದವನು ಕೀಲು, ಹಿಡಿಗಳನ್ನು ಬಿಚ್ಚಿ ತೂಗಿ ಅರವತ್ತು ರೂಪಾಯಿ ಎಣಿಸಿದ. ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿ, ಬೇಡವೆಂದು ಹೊರಟುಹೋದ.