ಎರಡು ಬಾಟ್ಲಿ ಪಪೈನ್, ಮೂರು ಚಟ್ಟಿ ಆಡಿನ ಮಾಂಸ

ನಮ್ಮ ಬಾವಿಕಟ್ಟೆ ಬದಿಯ ಪಪ್ಪಾಯಿ ಗಿಡ ಕಳೆದ ಜೂನಿನ ಮಳೆಗೆ ಬಿತ್ತು. ಪಪ್ಪಾಯಿಗೆ ಬುಡದಲ್ಲಿ ನೀರು ನಿಲ್ಲಬಾರದು. ನಾಲ್ಕು ದಿನ ನಿಂತಿತು, ಬುಡ ಕೊಳೆಯಿತು, ಐದನೇ ದಿನ ಒಂದು ಸಣ್ಣ ಗಾಳಿಗೆ ಅಡ್ಡ ಮಲಗಿತು. ಮರದಲ್ಲಿ ಇಪ್ಪತ್ತರಷ್ಟು ಕಾಯಿ ಇತ್ತು. ಪಲ್ಯ ಮಾಡಿದೆವು, ಸಾಂಬಾರು ಮಾಡಿದೆವು, ನೆರೆಕರೆಯವರಿಗೆ ಹಂಚಿದೆವು. ಮುಗಿಯಿತು. ಜುಲೈಯಲ್ಲಿ ಅಣ್ಣನ ಮಗ ದುಬಾಯಿಯಿಂದ ಬಂದ. ಅವನಿಗೆ ಆಡಿನ ಸುಕ್ಕ ಆಗಬೇಕು. ಮೆತ್ತಗಾಗಲು ಒಂದು ತುಂಡು ಪಪ್ಪಾಯಿ ಕಾಯಿ ಹಾಕದೆ ನಾನು ಆಡಿನ ಮಾಂಸ ಬೇಯಿಸಿದವಳೇ ಅಲ್ಲ. ಹಾಗೆ ಮಾಂಸ ಮೆತ್ತಗಾಗಿಸುವ ಪುಡಿಯ ಬಾಟ್ಲಿ ನಮ್ಮ ಅಡುಗೆಮನೆಗೆ ಬಂತು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದವಳು. 28 ವರ್ಷ ದಿನಾ ಬೆಳಗ್ಗೆ ರೈಲು ಹತ್ತಿ ಮಂಗಳೂರಿಗೆ ಹೋಗಿ, ಅಲ್ಲಿನ ಒಂದು ರಕ್ತನಿಧಿಯಲ್ಲಿ ಟೆಕ್ನೀಷಿಯನ್ ಆಗಿ ಕೆಲಸ ಮಾಡಿದವಳು. ಈ ಪುಡಿಯಲ್ಲಿರುವುದು ಪಪೈನ್, ಪಪ್ಪಾಯಿ ಕಾಯಿಯ ಹಾಲಿನಲ್ಲಿ ಇರುವ, ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದು ನನಗೆ ಅಡುಗೆಮನೆಯಲ್ಲಿ ಪರಿಚಯ ಆದದ್ದಲ್ಲ, ಲ್ಯಾಬಿನ ಫ್ರೀಜರಿನಲ್ಲಿ ಆದದ್ದು. ಆದ್ದರಿಂದ ಈ ವಿಮರ್ಶೆ ಸ್ವಲ್ಪ ಜಾಸ್ತಿ ಉದ್ದ ಆದರೆ ಬೇಸರ ಮಾಡಬೇಡಿ.

ಮೊದಲ ಬಾಟ್ಲಿ ಕಾಸರಗೋಡು ಪೇಟೆಯ ಒಂದು ಅಂಗಡಿಯದ್ದು. 60 ಗ್ರಾಮಿಗೆ 110 ರೂಪಾಯಿ. ಲೇಬಲ್ಲಿನಲ್ಲಿ ಮಲಯಾಳ ಇದೆ, ಇಂಗ್ಲಿಷ್ ಇದೆ, ಹಿಂದಿ ಇದೆ. ಕನ್ನಡ ಇಲ್ಲ. ನಮ್ಮ ಊರಲ್ಲಿ ಸಾಮಾನಿನ ಮೇಲೆ ಕನ್ನಡ ಹುಡುಕುವುದನ್ನು ಯಾವತ್ತೋ ಬಿಟ್ಟಿದ್ದೇನೆ, ಆದರೂ ಕಣ್ಣು ಒಮ್ಮೆ ಹುಡುಕುತ್ತದೆ. ಒಳಗೆ ಇರುವುದು ಉಪ್ಪು, ಮಾಲ್ಟೋಡೆಕ್ಸ್‌ಟ್ರಿನ್, ಪಪೈನ್. ಪಪೈನ್ ಎಷ್ಟು ಎಂದು ಬರೆದಿಲ್ಲ. ಅದು ಎಷ್ಟು ಗಟ್ಟಿ ಎಂದಂತೂ ಇಲ್ಲವೇ ಇಲ್ಲ. ಇದು ನನ್ನ ಮೊದಲ ತಕರಾರು. ಕಿಣ್ವವನ್ನು ಗ್ರಾಮಿನಲ್ಲಿ ಅಳೆದು ಏನೂ ಪ್ರಯೋಜನ ಇಲ್ಲ. ಅದು ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯಬೇಕು. ಸತ್ತ ಕಿಣ್ವವೂ ಅಷ್ಟೇ ತೂಗುತ್ತದೆ ಅಲ್ವಾ?

ಅಂಗಡಿಯವನು ಅದನ್ನು ತೆಗೆದುಕೊಟ್ಟದ್ದು ರಸ್ತೆ ಕಡೆಯ ಗಾಜಿನ ಕಪಾಟಿನಿಂದ. ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಜಾಗ. ತಯಾರಿಸಿ 14 ತಿಂಗಳು ಆಗಿತ್ತು. ಬಾಟ್ಲಿ ಅಲುಗಿಸಿದರೆ ಪುಡಿ ಅಲುಗಲಿಲ್ಲ, ಒಂದೇ ಗಟ್ಟಿ. ನಾನು ಆಗಲೇ ವಾಪಸ್ ಕೊಡಬೇಕಿತ್ತು. ಮಳೆ ಸುರಿಯುತ್ತಿತ್ತು, ಬಸ್ಸು ನಿಂತಿತ್ತು, ಸುಮ್ನೆ ಚೀಲಕ್ಕೆ ಹಾಕಿಕೊಂಡೆ.

ಅಂದಿನ ಸುಕ್ಕವನ್ನು ಅಣ್ಣನ ಮಗ ಮರ್ಯಾದೆಗೆ ತಿಂದ. ಅಷ್ಟೇ ಹೇಳುತ್ತೇನೆ.

ಪಪೈನ್ ಯಾಕೆ ಹೀಗೆ ಸಾಯುತ್ತದೆ ಎನ್ನುವುದು ಲ್ಯಾಬಿನವರಿಗೆ ಗೊತ್ತು. ಅದು 212 ಅಮೈನೋ ಆಮ್ಲಗಳ ಒಂದು ಸರಪಳಿ. ಮಡಚಿಕೊಂಡು ಎರಡು ಮುದ್ದೆಯ ಹಾಗೆ ಕೂತಿರುತ್ತದೆ, ನಡುವೆ ಒಂದು ಸಂದು. ಆ ಸಂದಿಯಲ್ಲಿ 25ನೇ ಜಾಗದ ಸಿಸ್ಟೀನ್ ಇದೆ, ಎದುರಿಗೆ 159ನೇ ಜಾಗದ ಹಿಸ್ಟಿಡೀನ್. ಕತ್ತರಿಸುವ ಬಾಯಿ ಇದೇ. ಸಿಸ್ಟೀನಿನ ತುದಿಯಲ್ಲಿ ಗಂಧಕ ಇರುತ್ತದೆ, ಆ ಗಂಧಕಕ್ಕೆ ಗಾಳಿ ಆಗುವುದಿಲ್ಲ. ಗಾಳಿಯ ಆಮ್ಲಜನಕ ತಾಗಿ ತಾಗಿ ಬಾಯಿ ಮುಚ್ಚಿಹೋಗುತ್ತದೆ. ಬಿಸಿ ಮತ್ತು ತೇವ ಸೇರಿದರೆ ಇನ್ನೂ ಬೇಗ. ಲ್ಯಾಬಿನಲ್ಲಿ ನಾವು ಪಪೈನ್ ದ್ರಾವಣ ಮಾಡುವಾಗ ಬೇರೆಯಾಗಿ ಸಿಸ್ಟೀನ್ ಸೇರಿಸುತ್ತಿದ್ದೆವು, ಮುಚ್ಚಿದ ಬಾಯಿ ತೆರೆಯಲಿ ಎಂದು. ಆಮೇಲೆ ಸಣ್ಣ ಸಣ್ಣ ಟ್ಯೂಬಿಗೆ ತುಂಬಿಸಿ ಫ್ರೀಜರಿನಲ್ಲಿ ಇಡುವುದು. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಒಳಗಿಡುವ ಹಾಗಿಲ್ಲ. ಅಷ್ಟು ಜೋಪಾನ ಮಾಡುವ ವಸ್ತುವನ್ನು ಇಲ್ಲಿ ಬಿಸಿಲಿಗೆ ಇಟ್ಟು ಮಾರುತ್ತಾರೆ ಮಾರಾಯ್ರೇ.

ರಕ್ತನಿಧಿಯಲ್ಲಿ ಪಪೈನಿಗೆ ಎಂತ ಕೆಲಸ ಎಂದು ನಮ್ಮವರು ಈಗಲೂ ಕೇಳುತ್ತಾರೆ. ಕೆಂಪು ರಕ್ತಕಣಗಳ ಮೈಮೇಲೆ ಋಣ ವಿದ್ಯುತ್ತಿನ ಪ್ರೋಟೀನುಗಳು ಇರುತ್ತವೆ. ಅದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಪಪೈನ್ ಆ ಪ್ರೋಟೀನುಗಳನ್ನು ಬೋಳಿಸಿಬಿಡುತ್ತದೆ. ಆಗ ಕಣಗಳು ಹತ್ತಿರ ಬರುತ್ತವೆ. ಆರ್‌ಎಚ್ ನೆಗೆಟಿವ್ ತಾಯಿಯ ರಕ್ತದಲ್ಲಿ ತುಂಬ ಸಣ್ಣ ಪ್ರಮಾಣದ ಪ್ರತಿಕಾಯ, ಅಂದರೆ ಹೊರಗಿನ ಕಣವನ್ನು ಹಿಡಿಯುವ ಪ್ರೋಟೀನ್ (ಆಂಟಿಬಾಡಿ), ಇದ್ದರೂ ಕಣಗಳು ಮುದ್ದೆ ಕಟ್ಟಿ ತೋರಿಸುತ್ತವೆ. ಆದರೆ ಬೋಳಿಸುವಾಗ ಡಫಿ, ಎಂ, ಎನ್ ಎನ್ನುವ ರಕ್ತಗುಂಪಿನ ಗುರುತುಗಳೂ ಹೋಗುತ್ತವೆ. ಹಾಗಾಗಿ ಇದೊಂದೇ ಪರೀಕ್ಷೆಯನ್ನು ನಂಬಿದರೆ ಕೆಟ್ಟಿರಿ. ಪ್ರತಿಕಾಯದ ಆಕಾರ ಗೊತ್ತಾದದ್ದಕ್ಕೂ ಪಪೈನೇ ಕಾರಣ. ಇಂಗ್ಲೆಂಡಿನ ರಾಡ್ನಿ ಪೋರ್ಟರ್ 1959ರಲ್ಲಿ ಮೊಲದ ಪ್ರತಿಕಾಯವನ್ನು ಪಪೈನಿನಿಂದ ಮೂರು ತುಂಡು ಮಾಡಿ ನೋಡಿದರು. ಎರಡು ತುಂಡು ಹಿಡಿಯುವ ಕೈಗಳು, ಒಂದು ಕಾಂಡ. 1972ರ ನೊಬೆಲ್ ಅವರಿಗೂ ಜೆರಾಲ್ಡ್ ಎಡೆಲ್ಮನ್ ಅವರಿಗೂ ಹಂಚಿ ಬಂತು. ಟ್ರೇನಿಂಗಿನಲ್ಲಿ ಇದನ್ನು ಕಲಿತು ಮನೆಗೆ ಬಂದು ಅಮ್ಮನಿಗೆ ಹೇಳಿದ್ದೆ. ಅಮ್ಮ, "ಬಪ್ಪಂಗಾಯಿಗೆ ಪ್ರೈಜಾ?" ಎಂದಿದ್ದರು. ನಮ್ಮ ಕಡೆ ಪಪ್ಪಾಯಿಗೆ ಬಪ್ಪಂಗಾಯಿ ಎನ್ನುವುದು.

ಎರಡನೇ ಬಾಟ್ಲಿ ಆಗಸ್ಟಿನಲ್ಲಿ ಆನ್‌ಲೈನಿನಲ್ಲಿ ತರಿಸಿದೆ. 100 ಗ್ರಾಂ, 190 ರೂಪಾಯಿ. ತಯಾರಿಸಿ ಎರಡು ತಿಂಗಳು. ಬಾಯಿಗೆ ಬೆಳ್ಳಿ ಹಾಳೆಯ ಮುಚ್ಚಳ, ಒಳಗೆ ತೇವ ಹೀರುವ ಪೊಟ್ಟಣ. ಪುಡಿ ಹುಡಿಹುಡಿಯಾಗಿ ಬೀಳುತ್ತದೆ. ಸ್ವಲ್ಪ ಹಳದಿ ಬಣ್ಣ, ಮೂಗಿಗೆ ಲೇಸಾಗಿ ಗಂಧಕದ ವಾಸನೆ.

ಈ ಸಲ ಮಾಂಸಕ್ಕೆ ಹಾಕುವ ಮೊದಲು ಹಾಲಿನಲ್ಲಿ ನೋಡಿದೆ. ಇದು ನನ್ನ ಕಲ್ಪನೆ ಅಲ್ಲ, ಪಪೈನಿನ ಬಲ ಅಳೆಯಲು ಹಾಲು ಒಡೆಸಿ ನೋಡುವುದು ಹಳೆಯ ಕ್ರಮ. ಹಾಲಿನ ಪುಡಿಯನ್ನು ನೀರಲ್ಲಿ ಕಲಸಿ, ಬೆರಳು ಕಷ್ಟದಲ್ಲಿ ತಡೆಯುವಷ್ಟು ಬಿಸಿ ಮಾಡಿ ಮೂರು ಲೋಟಕ್ಕೆ ಹಾಕಿದೆ. ಒಂದಕ್ಕೆ ಹಳೇ ಬಾಟ್ಲಿಯ ಕಾಲು ಚಮಚ, ಒಂದಕ್ಕೆ ಹೊಸದರ ಕಾಲು ಚಮಚ. ಮೂರನೆಯದಕ್ಕೆ, ಅತ್ತಿಗೆಯ ಮನೆಯಿಂದ ತಂದ ಎಳೆ ಕಾಯಿಗೆ ಗೀರು ಹಾಕಿದಾಗ ಬಂದ ಬಿಳಿ ಹಾಲು, ನಾಲ್ಕು ಹನಿ. ಕಾಯಿಯ ಹಾಲು ಎರಡು ನಿಮಿಷದೊಳಗೆ ಒಡೆಸಿತು. ಹೊಸ ಬಾಟ್ಲಿ ಎಂಟು ನಿಮಿಷ. ಹಳೆಯದು ಮುಕ್ಕಾಲು ಗಂಟೆ ಆದರೂ ಹಾಗೇ ಇತ್ತು, ಕೊನೆಗೆ ನಾನೇ ಬೇಸರ ಬಂದು ಚೆಲ್ಲಿದೆ. ಒಡೆದ ಹಾಲನ್ನು ನಾಲಿಗೆಗೆ ಮುಟ್ಟಿಸಿದರೆ ಕಹಿ. ಹಾಲಿನ ಪ್ರೋಟೀನ್ ತುಂಡಾದಾಗ ಕೆಲವು ತುಂಡುಗಳು ಕಹಿ ಇರುತ್ತವೆ. ಪಪ್ಪಾಯಿ ಮಿಲ್ಕ್‌ಶೇಕ್ ಮಾಡಿ ಹೊತ್ತು ಇಟ್ಟರೆ ಕಹಿಯಾಗುವುದೂ ಇದೇ ಕಾರಣಕ್ಕೆ. ಹಣ್ಣಾದ ಮೇಲೆ ಕಿಣ್ವ ತುಂಬ ಕಡಿಮೆ, ಆದರೆ ಪೂರ್ತಿ ಹೋಗಿರುವುದಿಲ್ಲ.

ಈಗ ಮಾಂಸ. ಒಂದೇ ಆಡಿನ ತೊಡೆ, ಮುದಿ ಆಡು, ಬೇಕೆಂದೇ ತಂದದ್ದು. ಅರ್ಧ ಅರ್ಧ ಕಿಲೋ ಮೂರು ಮಣ್ಣಿನ ಚಟ್ಟಿಗೆ. ಒಂದು ಬರೀ ಉಪ್ಪು ಅರಶಿನ. ಎರಡನೆಯದಕ್ಕೆ ಹೊಸ ಪುಡಿ ಮುಕ್ಕಾಲು ಚಮಚ. ಮೂರನೆಯದಕ್ಕೆ ಕಾಯಿ, ಸಿಪ್ಪೆ ಸಮೇತ ಅರೆದು ಎರಡು ಚಮಚ. ಸಿಪ್ಪೆ ತೆಗೆದು ಅರೆಯುವವರು ಇದ್ದಾರೆ, ಹಾಲಿನ ನಾಳಗಳು ಜಾಸ್ತಿ ಇರುವುದೇ ಸಿಪ್ಪೆಯ ಕೆಳಗೆ, ತೆಗೆದರೆ ಏನು ಉಳಿಯಿತು?

ಬಾಟ್ಲಿಯ ಲೇಬಲ್ ಹೇಳುತ್ತದೆ, ಪುಡಿ ಹಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ ಎಂದು. ಇದನ್ನು ಬರೆದವರು ಅಡುಗೆ ಮಾಡಿದವರಲ್ಲ. ಪಪೈನ್ ಚುರುಕಾಗುವುದು ಬಿಸಿಯಲ್ಲಿ, ಸುಮಾರು 65 ಡಿಗ್ರಿಯ ಹತ್ತಿರ. ಫ್ರಿಜ್ಜಿನಲ್ಲಿ ಅದು ತೂಕಡಿಸುತ್ತದೆ. ಅದರ ಮೇಲೆ ಅದು ದೊಡ್ಡ ಅಣು, ಮಾಂಸದ ಒಳಗೆ ಬೇಗ ಇಳಿಯುವುದಿಲ್ಲ. ರಾತ್ರಿಯಿಡೀ ಇಟ್ಟರೆ ಹೊರಗಿನ ಪದರ ಗಂಜಿಯಾಗುತ್ತದೆ, ಒಳಗೆ ಹಾಗೇ ರಬ್ಬರು. ಒಮ್ಮೆ ಮಾಡಿ ನೋಡಿದೆ, ತುಂಡನ್ನು ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ಬಂತು.

ನಾನು ಮಾಡಿದ್ದು ಹೀಗೆ. ಫೋರ್ಕಿನಲ್ಲಿ ಚುಚ್ಚಿ, ಅರ್ಧ ಗಂಟೆ ಹೊರಗೇ ಇಟ್ಟೆ. ಆಮೇಲೆ ತಣ್ಣೀರು ಹಾಕಿ ತೀರಾ ಸಣ್ಣ ಉರಿಯಲ್ಲಿ 20 ನಿಮಿಷ, ಕುದಿ ಬರದ ಹಾಗೆ. ಕೆಲಸ ಎಲ್ಲ ಆಗುವುದು ಈ 20 ನಿಮಿಷದಲ್ಲಿ. ಬಿಸಿಗೆ ಮಾಂಸದ ನಾರು ಸಡಿಲವಾಗುತ್ತದೆ, ಪಪೈನಿಗೂ ಆಗಲೇ ಹುರುಪು. ಕುದಿ ಬಂದ ಮೇಲೆ ಕಿಣ್ವ ಸತ್ತಿತು, ಮುಂದೆ ಬರೀ ಬೇಯುವುದು. ಅಮ್ಮ ಸೌದೆ ಒಲೆಯಲ್ಲಿ ತಣ್ಣೀರಿಗೇ ಒಂದು ತುಂಡು ಬಪ್ಪಂಗಾಯಿ ಹಾಕಿ ಇಡುತ್ತಿದ್ದರು. ಆ ಒಲೆ ನಿಧಾನ ಬಿಸಿಯಾಗುತ್ತಿತ್ತು, ಹಾಗಾಗಿ ಸರಿಹೋಗುತ್ತಿತ್ತು. ಕೊತಕೊತ ಕುದಿಯುವ ಸಾರಿಗೆ ಕಾಯಿ ಎಸೆಯುವವರಿಗೆ ಸಾರಿನಲ್ಲಿ ಒಂದು ತರಕಾರಿ ಸಿಗುತ್ತದೆ, ಅಷ್ಟೇ. ಕುಕ್ಕರ್ ಇಟ್ಟರೂ ಅದೇ ಕಥೆ, ಬೇಕಾದ ಬಿಸಿಯನ್ನು ಅದು ಓಡಿ ದಾಟುತ್ತದೆ.

ಬರೀ ಉಪ್ಪಿನ ಚಟ್ಟಿ ಬೇಯಲು ಒಂದು ಗಂಟೆ 50 ನಿಮಿಷ ಆಯಿತು. ಪುಡಿಯದ್ದು 55 ನಿಮಿಷ. ಕಾಯಿಯದ್ದು 45. ರುಚಿಯಲ್ಲಿ ನನಗೆ ಕಾಯಿಯದ್ದೇ ಮೇಲು, ಮಸಾಲೆಗೆ ಒಂದು ನುಣುಪು ಬರುತ್ತದೆ. ಕಾಯಿಯ ಹಾಲಿನಲ್ಲಿ ಪಪೈನ್ ಒಂದೇ ಅಲ್ಲ, ಕೈಮೋಪಪೈನ್, ಕ್ಯಾರಿಕೈನ್ ಎನ್ನುವ ದಾಯಾದಿಗಳೂ ಇವೆ. ಆದರೆ ಯಜಮಾನರು ಪುಡಿಯದ್ದನ್ನೇ ಎರಡನೇ ಸಲ ಬಡಿಸಿಕೊಂಡರು. ತುಂಡುಗಳು ಒಂದೇ ಸಮ ಬೆಂದಿವೆಯಂತೆ. ಅದೂ ನಿಜ. ಕಾಯಿ ಒಂದೊಂದು ಒಂದೊಂದು ತರ. ಒಳಗೆ ಸ್ವಲ್ಪ ಹಳದಿ ತಿರುಗಿದ್ದರೂ ಹಾಲು ಇಳಿದಿರುತ್ತದೆ. ಪುಡಿಗೆ ಆ ತಕರಾರು ಇಲ್ಲ, ಹೊಸದಾಗಿದ್ದರೆ. ಎರಡನೇ ಬಾಟ್ಲಿಗೆ ಐದರಲ್ಲಿ ಮೂರೂವರೆ. ಅರ್ಧ ಕಳೆದದ್ದು ಫ್ರಿಜ್ಜಿನ ಸಲಹೆಗೆ, ಒಂದು ಕಳೆದದ್ದು ಬಲ ಬರೆಯದ್ದಕ್ಕೆ. ಮೊದಲನೆಯದಕ್ಕೆ ಸೊನ್ನೆ. ಅದು ತಯಾರಿಸಿದವರ ತಪ್ಪೋ ಕಪಾಟಿನ ತಪ್ಪೋ, ನನಗೆ ಕಪಾಟಿನ ಮೇಲೆಯೇ ಸಂಶಯ.

ಇನ್ನು ಬಳಸುವವರಿಗೆ ಕೆಲವು ಮಾತು. ಪುಡಿಯನ್ನು ಊದಬೇಡಿ, ಮೂಗಿನ ಹತ್ತಿರ ಕುಲುಕಬೇಡಿ. ಪಪೈನಿನ ಧೂಳು ಕೆಲವರಿಗೆ ಅಲರ್ಜಿ ತರುತ್ತದೆ, ಆಸ್ತಮಾ ಕೂಡ. ರಬ್ಬರಿನ ಹಾಲು ಆಗದವರು ಇದರಿಂದಲೂ ದೂರ ಇರುವುದು ಒಳ್ಳೆಯದು. ನಮ್ಮ ಕಡೆ ರಬ್ಬರು ಟ್ಯಾಪ್ ಮಾಡುವವರು ಇದ್ದಾರೆ, ಅದಕ್ಕೇ ಹೇಳಿದೆ. ಕಾಯಿಯ ಹಾಲು ಬರಿಗೈಗೆ ತಾಗಿಸಿಕೊಳ್ಳಬೇಡಿ. ಗೀರು ಹಾಕಿದ ಮರುದಿನ ನನ್ನ ಎರಡು ಬೆರಳ ತುದಿ ಉರಿದು ಸಿಪ್ಪೆ ಎದ್ದಿತ್ತು. ಮನುಷ್ಯರ ಚರ್ಮವೂ ಪ್ರೋಟೀನೇ, ಅದಕ್ಕೆ ಆಡು ಯಾವುದು ನಾನು ಯಾರು ಎಂದು ಗೊತ್ತಿಲ್ಲ. ಕಬಾಬಿಗೆ ಮೊಟ್ಟೆ ಹಾಕುವವರು ಪುಡಿ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮೊಟ್ಟೆ ಹಾಕಿ. ಮೊಟ್ಟೆಯ ಬಿಳಿಯಲ್ಲಿ ಸಿಸ್ಟಾಟಿನ್ ಎಂಬ ಪ್ರೋಟೀನ್ ಇದೆ, ಅದು ಪಪೈನನ್ನು ಹಿಡಿದು ಕೂರಿಸುತ್ತದೆ. ಬಯಕೆ ಊಟಕ್ಕೆ ನಾನು ಕಾಯಿಯನ್ನೂ ಹಾಕುವುದಿಲ್ಲ, ಪುಡಿಯನ್ನೂ ಹಾಕುವುದಿಲ್ಲ. ಕುದಿಸಿದರೆ ಕಿಣ್ವ ಉಳಿಯುವುದಿಲ್ಲ ಎಂದು ಗೊತ್ತಿದೆ, ಆದರೂ ಬಸುರಿಯ ಬಟ್ಟಲಲ್ಲಿ ಪ್ರಯೋಗ ಯಾಕೆ? ಯಜಮಾನರು ಇದನ್ನು ಅಜೀರ್ಣಕ್ಕೆ ನೀರಲ್ಲಿ ಕಲಸಿ ಕುಡಿಯಬಹುದಾ ಎಂದು ಕೇಳಿದರು. ಇದ್ದಿಲು ಸೇರಿದ ಕಪ್ಪು ಮಾತ್ರೆಯಲ್ಲಿ ಪಪೈನ್ ಇರುವುದು ಹೌದು, ಆದರೆ ಈ ಬಾಟ್ಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಉಪ್ಪು. ಅವರಿಗೆ ಬಿಪಿ. ಬಾಟ್ಲಿಯನ್ನು ಮೇಲಿನ ಕಪಾಟಿಗೆ ಏರಿಸಿದೆ.

ಮೇಲಿನ ಕಪಾಟಿಗೆ ಎಂದರೆ ಒಂದು ದಿನಕ್ಕೆ. ಆಮೇಲೆ ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಿ ಫ್ರಿಜ್ಜಿಗೆ. ಜನವರಿಯಲ್ಲಿ ಮತ್ತೆ ಹಾಲಿನಲ್ಲಿ ನೋಡಿದೆ, ಹತ್ತು ನಿಮಿಷಕ್ಕೆ ಒಡೆಯಿತು. ಅಡ್ಡಿಯಿಲ್ಲ.

ಬಿದ್ದ ಗಿಡದ ಹಣ್ಣಿನ ಬೀಜ ಜುಲೈಯಲ್ಲೇ ಹಾಕಿದ್ದೆ, ಈ ಸಲ ಎತ್ತರದ ದಿಣ್ಣೆಯಲ್ಲಿ. ಮೂರು ಗಿಡ ಎದ್ದಿವೆ. ಎರಡರಲ್ಲಿ ಉದ್ದ ಜಡೆಯ ಹಾಗೆ ಹೂ ಇಳಿದಿದೆ, ಗಂಡು, ಕಾಯಿ ಬಿಡುವುದಿಲ್ಲ. ಮೂರನೆಯದು ಇನ್ನೂ ಹೂ ತೋರಿಸಿಲ್ಲ. ಬಾಟ್ಲಿಯಲ್ಲಿ ಅರ್ಧ ಉಳಿದಿದೆ.